ಡಸ್ಟ್ ಟೀ ಕಸವಲ್ಲ

ಊಟಿ, ಕೂನೂರು, ಮುನ್ನಾರ್ ಕಡೆ ರಜೆಗೆ ಹೋಗಿಬಂದವರ ಬಾಯಲ್ಲಿ ಒಂದು ಮಾತು ಈಗ ಕಾಯಂ ಆಗಿಬಿಟ್ಟಿದೆ. "ನಾವು ಬೆಂಗಳೂರಲ್ಲಿ ಕುಡಿಯೋದು ಟೀನೇ ಅಲ್ಲ ಕಣ್ರೀ. ಒಳ್ಳೆ ಎಲೆಯೆಲ್ಲ ಫಾರಿನ್‌ಗೆ ಹೋಗುತ್ತೆ, ಫ್ಯಾಕ್ಟರಿಯಲ್ಲಿ ಉಳಿದ ಕಸಾನ ಡಸ್ಟ್ ಅಂತ ನಮಗೆ ಮಾರ್ತಾರೆ." ಯಲಹಂಕ ನ್ಯೂಟೌನಿನ ಪಾರ್ಕಿನಲ್ಲಿ, ಮಾನ್ಯತಾ ಟೆಕ್ ಪಾರ್ಕಿನ ಕ್ಯಾಂಟೀನಿನಲ್ಲಿ, ಆರ್.ಟಿ. ನಗರದ ಮದುವೆಮನೆಯ ಪಂಕ್ತಿಯಲ್ಲಿ ಇದನ್ನು ಕೇಳಿದ್ದೇನೆ. ಹೇಳುವವರಿಗೆ ಅನುಮಾನದ ಸೋಂಕೂ ಇರುವುದಿಲ್ಲ. ಗುಂಡ್ಲುಪೇಟೆ, ಬಂಡೀಪುರ ದಾಟಿ, ಕಲ್ಹಟ್ಟಿಯ 36 ತಿರುವು ಹತ್ತಿ, 2024ರಿಂದೀಚೆಗೆ ನೀಲಗಿರಿಗೆ ಬೇಕಾದ ಇ-ಪಾಸನ್ನೂ ಮಾಡಿಸಿಕೊಂಡು, ಕಣ್ಣಾರೆ ಕಂಡು ಬಂದವರು ಅವರು.

ಈ ಮಾತು ಸುಳ್ಳು. ಕೇಳಿ ಸುಮ್ಮನಾಗುವಂಥ ಸುಳ್ಳೂ ಅಲ್ಲ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಬೆಳಗಿನ ಜಾವ ಈರುಳ್ಳಿ ಮೂಟೆ ಇಳಿಸಿ ಬಂದು ಗ್ಲಾಸು ಹಿಡಿಯುವ ಹಮಾಲಿ ಕಸ ಕುಡಿಯುತ್ತಿದ್ದಾನೆ ಎಂದು ಅದು ಹೇಳುತ್ತದೆ. ಅವನಿಗೆ ಟೀ ಕಾಸಿಕೊಡುವವನು ಕಸ ಮಾರಿ ಬದುಕುತ್ತಿದ್ದಾನೆ ಎಂದು ಹೇಳುತ್ತದೆ. ನೀಲಗಿರಿಯ ಇಳಿಜಾರಿನಲ್ಲಿ ಅರ್ಧ ಎಕರೆ, ಒಂದು ಎಕರೆ ಚಹಾ ಇಟ್ಟುಕೊಂಡ ಬಡಗ ಸಮುದಾಯದ ಮನೆಯವರು ವರ್ಷವಿಡೀ ಬೆನ್ನು ಬಾಗಿಸುವುದು ಕಸ ತಯಾರಿಸುವುದಕ್ಕೆ ಎಂದೂ ಹೇಳಿದಂತಾಯಿತು. ಇಷ್ಟು ಜನರನ್ನು ಒಂದೇ ಮಾತಿನಲ್ಲಿ ಹೀಗಳೆಯುವವರು ಆ ಮಾತಿನ ಬುಡ ಎಲ್ಲಿದೆ ಎಂದು ಒಮ್ಮೆಯಾದರೂ ನೋಡಬೇಕಿತ್ತು.

ಬುಡ ಇರುವುದು ಪ್ರವಾಸಿಗರಿಗೆಂದು ತೆರೆದಿಟ್ಟ ಟೀ ಫ್ಯಾಕ್ಟರಿಗಳಲ್ಲಿ. ಕೂನೂರಿನ ಕಡೆಯ ಅಂಥದೊಂದು ಫ್ಯಾಕ್ಟರಿಗೆ ಮನೆಯವರೊಂದಿಗೆ ನಾನೂ ಹೋಗಿದ್ದೆ. ಟಿಕೆಟ್ ಕೊಟ್ಟು ಒಳಗೆ ಹೋದರೆ ಒಣಗುವ ಎಲೆಯ ಬಿಸಿ ವಾಸನೆ, ಯಂತ್ರದ ಸದ್ದು, ಒಂದು ತಂಡದ ಹಿಂದೆ ಇನ್ನೊಂದು ತಂಡ. ಗೈಡ್ ಹುಡುಗ ಜರಡಿಯ ಬಾಯಿಂದ ಒಂದು ಹಿಡಿ ಪುಡಿ ಎತ್ತಿ ಅಂಗೈ ಮೇಲೆ ಹರಡಿದ. ನಾವು ಬೆಂಗಳೂರಿನವರೆಂದು ಗೊತ್ತಾಗಿ ಕನ್ನಡದಲ್ಲೇ ಹೇಳಿದ: "ಇದು ವೇಸ್ಟ್ ಸಾರ್. ನಿಮ್ಮೂರ ಟೀ ಅಂಗಡಿಗೆ ಹೋಗೋದು ಇದೇ." ನಮ್ಮ ತಂಡದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಮೂಗು ಮುರಿದರು. ಆ ಬಾಗಿಲು ದಾಟಿದರೆ ಮುಂದಿನ ಕೋಣೆಯೇ ಮಾರಾಟದ ಕೌಂಟರು. ವೈಟ್ ಟೀ, ಗ್ರೀನ್ ಟೀ, ಸಿಲ್ವರ್ ಟಿಪ್ಸ್, ಚಾಕೊಲೇಟ್ ಟೀ, ಏಲಕ್ಕಿ ಟೀ. ಹೊರಬರುವಾಗ ಎಲ್ಲರ ಕೈಯಲ್ಲೂ ಚೀಲಗಳಿದ್ದವು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕಲಿಸಿದ್ದನ್ನು ಅವನು ಹೇಳಿದ. ಆದರೆ ಅವನ ಅಂಗೈ ಮೇಲಿದ್ದದ್ದನ್ನು ನಾನು ಹತ್ತಿರದಿಂದ ನೋಡಿದೆ. ಒಂದೇ ಅಳತೆಯ ಸಣ್ಣ ಕಾಳು, ಕಪ್ಪು-ಕಂದು ಬಣ್ಣ, ನಾರಿಲ್ಲ, ಕಡ್ಡಿಯಿಲ್ಲ. ಮೂಗಿಗೆ ಹಿಡಿದರೆ ಖಾರವೆನ್ನಿಸುವಷ್ಟು ಘಾಟು. ಕಸಕ್ಕೆ ಒಂದೇ ಅಳತೆ ಎಲ್ಲಿಂದ ಬರುತ್ತದೆ? ಅಷ್ಟು ಒಂದೇ ಸಮನಾಗಿರಬೇಕಾದರೆ ಯಾರೋ ಕಷ್ಟಪಟ್ಟು ಮಾಡಿರಬೇಕು.

ಮಾಡುವ ಬಗೆ ಹೀಗಿದೆ. ಹಸಿ ಎಲೆಯನ್ನು ಉದ್ದನೆಯ ತೊಟ್ಟಿಗಳ ಜಾಲರಿಯ ಮೇಲೆ ಹರಡಿ, ಕೆಳಗಿಂದ ಗಾಳಿ ಬಿಟ್ಟು ರಾತ್ರಿಯಿಡೀ ಬಾಡಿಸುತ್ತಾರೆ. ಬಾಡಿದ ಎಲೆಯನ್ನು ರೋಟರ್‌ವೇನ್ ಎಂಬ ಯಂತ್ರ ಮೊದಲು ಜಜ್ಜುತ್ತದೆ. ಆಮೇಲೆ ಸಿಟಿಸಿ (ಕ್ರಶ್, ಟೇರ್, ಕರ್ಲ್) ರೋಲರುಗಳು: ಮೈತುಂಬ ಹಲ್ಲು ಕೆತ್ತಿದ ಎರಡು ಉಕ್ಕಿನ ಉರುಳೆಗಳು ಎದುರುಬದುರು ತಿರುಗುತ್ತವೆ, ಒಂದು ನಿಧಾನ, ಇನ್ನೊಂದು ಅದರ ಹತ್ತು ಪಟ್ಟು ವೇಗ. ಅವುಗಳ ನಡುವೆ ಎಲೆ ನಜ್ಜುಗುಜ್ಜಾಗಿ, ಹರಿದು, ಸುರುಳಿ ಸುತ್ತಿಕೊಂಡು ಬೀಳುತ್ತದೆ. ಹೀಗೆ ಒಂದರ ಹಿಂದೊಂದು ಮೂರು ನಾಲ್ಕು ಜೋಡಿ. 1930ರ ದಶಕದ ಆರಂಭದಲ್ಲಿ ಅಸ್ಸಾಮಿನ ಅಮಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ಎಂಬಾತ ರೂಪಿಸಿದ ಯಂತ್ರವಿದು. ಹಸಿರು ಪುಡಿ ಗಾಳಿಗೆ ತೆರೆದುಕೊಂಡು ಸುಮಾರು ಒಂದು ಗಂಟೆ ಹುಳಿತರೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಟೀಗೆ ಹೊಳಪು ಕೊಡುವ ಥಿಯಾಫ್ಲೇವಿನ್, ಬಣ್ಣ ಮತ್ತು ಮೈ ಕೊಡುವ ಥಿಯಾರೂಬಿಜಿನ್ ಹುಟ್ಟುವುದು ಆ ಒಂದು ಗಂಟೆಯಲ್ಲಿ. ಅದು ಮೀರಿದರೆ ರುಚಿ ಸಪ್ಪೆ, ಕಡಿಮೆಯಾದರೆ ಒಗರು. ಹದ ನೋಡಿ ನೂರು ಡಿಗ್ರಿಗೂ ಮೇಲಿನ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಒಣಗಿದ್ದರ ಮೇಲೆ ವಿದ್ಯುದಾವೇಶವಿರುವ ಉರುಳೆಗಳನ್ನು ಹಾಯಿಸಿದರೆ ನಾರು ಅವಕ್ಕೆ ಅಂಟಿಕೊಂಡು ಬೇರೆಯಾಗುತ್ತದೆ. ಕೊನೆಗೆ ಜರಡಿ.

ಈ ಸಾಲಿನಲ್ಲಿ ಒಳ್ಳೆಯ ಎಲೆ ಒಂದು ಕಡೆ, ಕೆಟ್ಟದ್ದು ಇನ್ನೊಂದು ಕಡೆ ಎಂದು ಬೇರ್ಪಡುವ ಹಂತವೇ ಇಲ್ಲ. ರೋಲರಿಗೆ ಹೋದ ಎಲೆಯೆಲ್ಲ ಪುಡಿಯಾಗುತ್ತದೆ. ಜರಡಿ ನೋಡುವುದು ಗಾತ್ರವನ್ನು ಮಾತ್ರ. ದಪ್ಪ ಕಾಳು ಬ್ರೋಕನ್ ಪೆಕೋ, ಅದಕ್ಕಿಂತ ಸಣ್ಣದು ಫ್ಯಾನಿಂಗ್ಸ್, ಇನ್ನೂ ಸಣ್ಣದು ಡಸ್ಟ್. ಡಸ್ಟಿನಲ್ಲೂ ಪೆಕೋ ಡಸ್ಟ್, ರೆಡ್ ಡಸ್ಟ್, ಸೂಪರ್ ರೆಡ್ ಡಸ್ಟ್, ಗೋಲ್ಡನ್ ಡಸ್ಟ್, ಸೂಪರ್ ಫೈನ್ ಡಸ್ಟ್ ಎಂದು ದರ್ಜೆಗಳು. ಒಂದೇ ಗೋಧಿಯನ್ನು ಒಡೆದು ಜರಡಿ ಹಿಡಿದಾಗ ದಪ್ಪದ್ದು ಉಪ್ಪಿಟ್ಟಿಗೆ, ನಯವಾದದ್ದು ಚಿರೋಟಿಗೆ ಹೋಗುತ್ತದೆ. ಚಿರೋಟಿ ರವೆಯನ್ನು ಉಪ್ಪಿಟ್ಟಿನ ರವೆಯ ಕಸ ಎಂದು ನಮ್ಮ ಯಾವ ಮನೆಯಲ್ಲೂ ಕರೆದದ್ದಿಲ್ಲ.

ಆರ್ಥೊಡಾಕ್ಸ್ ಪದ್ಧತಿಯ ಮಾತು ಸ್ವಲ್ಪ ಬೇರೆ ಎಂಬುದನ್ನು ಒಪ್ಪುತ್ತೇನೆ. ಅಲ್ಲಿ ಎಲೆಯನ್ನು ಹೊಸೆದು, ಆದಷ್ಟು ಇಡಿಯಾಗಿ ಉಳಿಸಿಕೊಳ್ಳುವುದೇ ಉದ್ದೇಶ. ಮುರಿದು ಕೊನೆಯ ಜರಡಿಗೆ ಇಳಿಯುವುದಕ್ಕೆ ಅಲ್ಲಿ ಬೆಲೆ ಕಡಿಮೆ. ನೀಲಗಿರಿಯ ಎತ್ತರದ ತೋಟಗಳಲ್ಲಿ ಚಳಿಗಾಲದಲ್ಲಿ ಆಗುವ ಆರ್ಥೊಡಾಕ್ಸ್ ಚಹಾದ ಪರಿಮಳ ದೊಡ್ಡದು. ಅದನ್ನು ಹಾಲು ಸಕ್ಕರೆಯಿಲ್ಲದೆ ಕುಡಿಯುವವರ ಸಂತೋಷಕ್ಕೆ ನನ್ನ ತಕರಾರಿಲ್ಲ. ಆದರೆ ಭಾರತದಲ್ಲಿ ತಯಾರಾಗುವ ಚಹಾದಲ್ಲಿ ಹತ್ತಕ್ಕೆ ಎಂಟು ಪಾಲಿಗೂ ಹೆಚ್ಚು ಸಿಟಿಸಿ. ಯಶವಂತಪುರದ ಗ್ಲಾಸಿಗೆ ಬೀಳುವುದೂ ಅದೇ. ಆರ್ಥೊಡಾಕ್ಸ್ ಎಲೆಗೆ ಹೊಂದುವ ಮಾತನ್ನು ತಂದು ಸಿಟಿಸಿ ಡಸ್ಟಿಗೆ ಅಂಟಿಸುವುದು ಅನ್ಯಾಯ. "ಒಳ್ಳೆಯದೆಲ್ಲ ಫಾರಿನ್‌ಗೆ" ಎಂಬುದೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ದೇಶದಲ್ಲಿ ವರ್ಷಕ್ಕೆ 130 ಕೋಟಿ ಕೆಜಿ ಆಸುಪಾಸು ಚಹಾ ಆಗುತ್ತದೆ. ರಫ್ತಾಗುವುದು ಐದನೇ ಒಂದು ಪಾಲಿನಷ್ಟು, ಅದರಲ್ಲೂ ಸಿಟಿಸಿ ಸಾಕಷ್ಟಿದೆ. ಉಳಿದದ್ದನ್ನು ಕುಡಿಯುವವರು ನಾವೇ.

ಹಾಗಾದರೆ ನೆಲ ಗುಡಿಸಿದ್ದು ಎಲ್ಲಿಗೆ ಹೋಗುತ್ತದೆ? ಇದಕ್ಕೆ ಕಾನೂನಿನಲ್ಲೇ ಉತ್ತರವಿದೆ. 1959ರ ಚಹಾ ತ್ಯಾಜ್ಯ ನಿಯಂತ್ರಣ ಆದೇಶದ ಪ್ರಕಾರ ಗುಡಿಸಿದ ಪುಡಿ, ನಯವಾದ ತುಪ್ಪಟ, ನಾರು, ಕಡ್ಡಿ ಇವೆಲ್ಲ ಚಹಾ ತ್ಯಾಜ್ಯ. ಅದನ್ನು ಇಟ್ಟುಕೊಳ್ಳಲು, ಮಾರಲು ಪ್ರತ್ಯೇಕ ಲೈಸೆನ್ಸ್ ಬೇಕು. ಕೆಫೀನ್ ತೆಗೆಯುವವರಿಗೋ ಗೊಬ್ಬರಕ್ಕೋ ಅದು ಹೋಗಬೇಕೇ ಹೊರತು ಟೀ ಎಂದು ಅಂಗಡಿಗೆ ಬರುವಂತಿಲ್ಲ. ಟೀ ಎಂದು ಮಾರುವ ಯಾವುದೇ ಪುಡಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡ ಅನ್ವಯಿಸುತ್ತದೆ: ನೀರಿನಲ್ಲಿ ಕರಗುವ ಸಾರ 32%ಕ್ಕಿಂತ ಕಡಿಮೆಯಿರಬಾರದು, ನಾರು 16.5% ಮೀರಬಾರದು, ಮಣ್ಣು ಮರಳನ್ನು ತೋರಿಸಿಕೊಡುವ ಆಮ್ಲದಲ್ಲಿ ಕರಗದ ಬೂದಿ 1% ಮೀರಬಾರದು. ನೆಲ ಗುಡಿಸಿದ ಪುಡಿ ಈ ಕೊನೆಯ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ. ಡಸ್ಟಿಗೆ ಬೇರೆ ಸಡಿಲ ಮಾನದಂಡವಿಲ್ಲ. ಎಲೆ ಟೀಗೆ ಇರುವುದೇ ಅದಕ್ಕೂ.

ಮಾರುಕಟ್ಟೆ ಏನು ಹೇಳುತ್ತದೆ ನೋಡಿ. 1947ರಲ್ಲಿ ಶುರುವಾದ ಕೊಚ್ಚಿ ಹರಾಜು ಕೇಂದ್ರ ಹೆಸರು ಮಾಡಿರುವುದೇ ಡಸ್ಟ್ ಟೀಯಿಂದ. ಅಲ್ಲಿ, ಮತ್ತೆ 1963ರಿಂದ ನಡೆಯುತ್ತಿರುವ ಕೂನೂರಿನ ಹರಾಜಿನಲ್ಲಿ, ಟೀ ರುಚಿ ನೋಡುವವರು ಸಾಲಾಗಿ ಬಟ್ಟಲಿಟ್ಟು ಒಣ ಪುಡಿ, ನೆನೆದ ಎಲೆ, ರಸ ಮೂರನ್ನೂ ಪರೀಕ್ಷಿಸಿ ಬೆಲೆ ಕಟ್ಟುತ್ತಾರೆ. ಸಿಟಿಸಿ ಡಸ್ಟಿನ ಸರಾಸರಿ ಬೆಲೆ ಸಿಟಿಸಿಯದೇ ದಪ್ಪ ಕಾಳಿನ, ಅಂದರೆ ‘ಲೀಫ್’ ದರ್ಜೆಯ ಬೆಲೆಗಿಂತ ಮೇಲೆ ನಿಂತ ವಾರಗಳು ಎಷ್ಟೋ. ಅಸ್ಸಾಂ, ಪಶ್ಚಿಮ ಬಂಗಾಳ ಮೊದಲಾದ ರಾಜ್ಯಗಳ ಸಿಟಿಸಿ ಕಾರ್ಖಾನೆಗಳು ತಮ್ಮ ಡಸ್ಟನ್ನು ಪೂರ್ತಿಯಾಗಿ ಹರಾಜಿನ ಮೂಲಕವೇ ಮಾರಬೇಕು ಎಂದು 2024ರ ಫೆಬ್ರವರಿಯಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆದೇಶ ಹೊರಡಿಸಿತು. ನ್ಯಾಯವಾದ ಬೆಲೆ ಸಿಗಲಿ ಎಂದು ಸರ್ಕಾರ ಆದೇಶ ಹೊರಡಿಸುವುದು ಕಸಕ್ಕಲ್ಲ. ನಮ್ಮ ಹೆಬ್ಬಾಳದ ಕಿರ್ಲೋಸ್ಕರ್ ಬಿಸಿನೆಸ್ ಪಾರ್ಕಿನಲ್ಲಿ ಕಚೇರಿಯಿರುವ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ದಕ್ಷಿಣದವರಿಗೆಂದೇ ಮಾರುವ ಚಕ್ರ ಗೋಲ್ಡ್ ಡಸ್ಟ್ ಟೀಯೇ. ಉತ್ತರದವರು ದಪ್ಪ ಕಾಳಿನ ಟೀ ಇಷ್ಟಪಡುತ್ತಾರೆ, ದಕ್ಷಿಣದವರು ಡಸ್ಟ್. ಇದು ಎರಡು ನಾಲಗೆಗಳ ಅಭ್ಯಾಸ. ಇದರಲ್ಲಿ ಮೇಲು ಕೀಳು ತಂದವರು ಯಾರು?

ಡಸ್ಟ್ ಎಂದರೆ ಮೂಗು ಮುರಿಯುವ ನನ್ನ ಸ್ನೇಹಿತರಲ್ಲಿ ಅನೇಕರು ಆಫೀಸಿನಲ್ಲಿ ದಿನಕ್ಕೆರಡು ಸಲ ಟೀ ಬ್ಯಾಗ್ ಅದ್ದಿ ಕುಡಿಯುತ್ತಾರೆ. ಸಾಮಾನ್ಯ ಟೀ ಬ್ಯಾಗಿನೊಳಗೆ ಇರುವುದು ಫ್ಯಾನಿಂಗ್ಸ್ ಮತ್ತು ಡಸ್ಟ್. ಇಡೀ ಎಲೆ ಹಾಕಿದರೆ ಆ ಸಣ್ಣ ಚೀಲದಲ್ಲಿ, ಆ ಎರಡು ಮೂರು ನಿಮಿಷದಲ್ಲಿ ಅದು ಬಿಟ್ಟುಕೊಳ್ಳುವುದೇ ಇಲ್ಲ. ದಾರ ಕಟ್ಟಿ, ಚೀಟಿ ಅಂಟಿಸಿ, ಡಬ್ಬಿಯಲ್ಲಿ ಕೊಟ್ಟಾಗ ಒಪ್ಪುವ ಪುಡಿಯನ್ನು ರಸ್ತೆ ಬದಿಯವನು ಬಟ್ಟೆಯಲ್ಲಿ ಸೋಸಿ ಕೊಟ್ಟಾಗ ಕಸ ಎನ್ನುತ್ತೇವಾದರೆ, ನಾವು ಅಳೆಯುತ್ತಿರುವುದು ಚಹಾವನ್ನಲ್ಲ, ಕೊಡುವವನನ್ನು. ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ನೋವು ಕೊಡುವುದು ಇದೇ.

ಆ ಬಟ್ಟೆಯನ್ನೇ ಸ್ವಲ್ಪ ನೋಡಿ. ಯಶವಂತಪುರ ರೈಲ್ವೆ ಸ್ಟೇಷನ್ನಿನ ಸುತ್ತಮುತ್ತ, ಗೊರಗುಂಟೆಪಾಳ್ಯದ ಸಿಗ್ನಲ್ ಹತ್ತಿರ, ಯಾವ ಕಾಂಡಿಮೆಂಟ್ಸ್ ಮುಂದೆಯಾದರೂ ನಿಂತು ನೋಡಬಹುದು. ಒಂದು ಸ್ಟೌ ಮೇಲೆ ಹಾಲು, ಇನ್ನೊಂದರ ಮೇಲೆ ನೀರು. ನೀರು ಮರಳಿದಾಗ ಪುಡಿ ಬೀಳುತ್ತದೆ. ಒಂದೆರಡು ಕುದಿ ಬಂದ ಕೂಡಲೇ ಇಳಿಸಿ, ಕಂದುಗಟ್ಟಿದ ಸೋಸುವ ಬಟ್ಟೆಗೆ ಸುರಿದು, ಸೌಟಿನ ಬೆನ್ನಿನಿಂದ ಒತ್ತುತ್ತಾನೆ. ಡಿಕಾಕ್ಷನ್ ಕೆಂಪು ಮಿಶ್ರಿತ ಕಪ್ಪು. ಹಾಲು ಬಿದ್ದ ಮೇಲೂ ಬಣ್ಣ ಮಂಕಾಗುವುದಿಲ್ಲ. ಕಾಳು ಸಣ್ಣದಾದಷ್ಟೂ ನೀರಿಗೆ ತಾಗುವ ಮೈ ಹೆಚ್ಚು, ಸಾರ ಬೇಗ ಬಿಡುತ್ತದೆ. ಹಾಲಿನ ಪ್ರೋಟೀನು ಟೀಯ ಒಗರನ್ನು ಹಿಡಿದುಕೊಳ್ಳುವುದರಿಂದ ತೆಳು ಟೀ ಹಾಲಿನಲ್ಲಿ ಸೋತುಹೋಗುತ್ತದೆ. ಹಾಲು ಹಾಕಿ, ನಿಂತಲ್ಲೇ, ಬೇಗ ಕುಡಿದು ಹೊರಡಬೇಕಾದವರಿಗೆ ಬೇಕಾದ ಪುಡಿ ಡಸ್ಟೇ. ಕಪ್ಪಿಗೆ 2 ಗ್ರಾಂ ಹಿಡಿದರೂ ಒಂದು ಕೆಜಿಗೆ 500 ಕಪ್ ಆಗುತ್ತದೆ. ಬೈ-ಟು ಮಾಡಿಕೊಂಡು ಕುಡಿಯುವವರ ಊರಿನಲ್ಲಿ ಈ ಲೆಕ್ಕಕ್ಕೆ ಬೆಲೆಯಿದೆ. ಕೂನೂರಿನ ಕೌಂಟರಿನಿಂದ ತಂದ ವೈಟ್ ಟೀಯನ್ನು ಇದೇ ಹಾಲಿಗೆ ಹಾಕಿ ಕಾಸಿದರೆ ಸಿಗುವುದು ಬಿಸಿ ಹಾಲು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಚಹಾ ಈ ದೇಶದಲ್ಲಿ ಬೆಳೆದದ್ದು ಬ್ರಿಟಿಷರ ಕಪ್ಪಿಗೆ. ಅದರ ಪ್ರಚಾರಕ್ಕೆಂದು ಕರ ಹಾಕುವ ಕಾಯಿದೆ 1903ರಲ್ಲೇ ಬಂದರೂ ನಮ್ಮ ಬಹುಪಾಲು ಜನ ಅದನ್ನು ಕೊಂಡು ಕುಡಿಯುವಂತಿರಲಿಲ್ಲ. ಮೈಸೂರು ಸೀಮೆಯಂತೂ ಕಾಫಿಯ ಸೀಮೆ. ಸ್ವಾತಂತ್ರ್ಯಾನಂತರ ಸಿಟಿಸಿ ಹಬ್ಬಿ, ಕಡಿಮೆ ಪುಡಿಗೆ ಹೆಚ್ಚು ಕಪ್ ಬರತೊಡಗಿದ ಮೇಲೆ ಚಹಾ ಲಾರಿ ಡ್ರೈವರಿನ, ಗಾರೆ ಕೆಲಸದವರ, ವಿದ್ಯಾರ್ಥಿಗಳ ಪಾನೀಯವಾಯಿತು. ದೊರೆಗಳ ಪಾನೀಯವನ್ನು ಬಡವರ ಕೈಗೆ ತಂದ ಪುಡಿಯನ್ನು ಅವಮಾನಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಕಲಬೆರಕೆ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಬಳಸಿದ ಪುಡಿಯನ್ನು ಒಣಗಿಸಿ ಬಣ್ಣ ಹಾಕಿ ಮಾರುವ ದುಷ್ಟರಿದ್ದಾರೆ, ಅವರನ್ನು ಹಿಡಿದು ಶಿಕ್ಷಿಸಬೇಕು. ಬಿಡಿಯಾಗಿ ತೂಗಿ ಕೊಡುವ ಪುಡಿಯ ಬಗ್ಗೆ ಎಚ್ಚರವಿರಲಿ. ಒದ್ದೆ ಮಾಡಿದ ಬಿಳಿ ಹೀರುಕಾಗದದ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ ನೋಡಿ. ಬಣ್ಣ ಹಾಕಿದ್ದರೆ ಕೂಡಲೇ ಕಿತ್ತಳೆಯೋ ಕೆಂಪೋ ಗೆರೆಗಳು ಹರಿಯುತ್ತವೆ. ಶುದ್ಧ ಡಸ್ಟ್ ತಣ್ಣೀರಿನಲ್ಲಿ ಹಾಗೆ ಬಣ್ಣ ಬಿಡುವುದಿಲ್ಲ. ಹಾಗೆಯೇ ಒಂದೇ ಚರಟವನ್ನು ಬೆಳಗಿಂದ ಸಂಜೆವರೆಗೆ ಕುದಿಸುವ ಅಂಗಡಿಯೂ ಇದೆ, ಅದನ್ನು ಬಿಟ್ಟು ಪಕ್ಕದ ಅಂಗಡಿಗೆ ಹೋಗಬೇಕು. ಹಾಲಿಗೆ ನೀರು ಬೆರೆಸುವವರಿದ್ದಾರೆಂದು ಹಾಲನ್ನೇ ಯಾರೂ ಕಸ ಎನ್ನುವುದಿಲ್ಲವಲ್ಲ.

ಗಾತ್ರ ಗುಣವಲ್ಲ ಎಂದಾದರೆ ಗುಣ ಎಲ್ಲಿದೆ? ಹಸಿ ಎಲೆಯಲ್ಲಿ. ಎರಡೆಲೆ ಒಂದು ಮೊಗ್ಗು ಕಿತ್ತರೆ ಡಸ್ಟೂ ಚೆನ್ನ, ಎಲೆ ಟೀಯೂ ಚೆನ್ನ. ಬಲಿತ ಎಲೆ, ಕಡ್ಡಿ ಸೇರಿಸಿ ಕತ್ತರಿಯಲ್ಲಿ ಕತ್ತರಿಸಿ ತುಂಬಿದರೆ ಯಾವ ದರ್ಜೆಯೂ ಚೆನ್ನಾಗುವುದಿಲ್ಲ. ಪ್ರವಾಸಿ ಫ್ಯಾಕ್ಟರಿಗಳಲ್ಲಿ ನಮಗೆ ಜರಡಿ ತೋರಿಸುತ್ತಾರೆ, ಎಲೆ ಬಂದಿಳಿಯುವ ಶೆಡ್ಡನ್ನು ತೋರಿಸುವುದಿಲ್ಲ. ಮಾತೆಲ್ಲ ನಡೆಯಬೇಕಾದ ಜಾಗ ಅದು. ಚೀಲಗಳು ತಕ್ಕಡಿಗೆ ಏರುವುದು ಅಲ್ಲಿ. ಮಳೆಗಾಲದಲ್ಲಿ ಎಲೆಗೆ ಅಂಟಿದ ನೀರಿನ ಲೆಕ್ಕಕ್ಕೆ ತೂಕದಲ್ಲಿ ಕಡಿತ ಆಗುವುದು ಅಲ್ಲಿ. ನೀಲಗಿರಿಯ ಸಣ್ಣ ಬೆಳೆಗಾರರಲ್ಲಿ ಬಹಳಷ್ಟು ಮಂದಿ ಬಡಗರು. ಅವರ ಮಾತು ಕನ್ನಡಕ್ಕೆ ತೀರ ಹತ್ತಿರ, ಅಲ್ಲಿ ನಿಂತು ಕೇಳಿದರೆ ನಮಗೆ ಅರ್ಧಕ್ಕರ್ಧ ಅರ್ಥವಾಗುತ್ತದೆ. ಒಂದು ಕೆಜಿ ಟೀ ಪುಡಿಗೆ ನಾಲ್ಕು ನಾಲ್ಕೂವರೆ ಕೆಜಿ ಹಸಿ ಎಲೆ ಬೇಕು. ಆ ಎಲೆಗೆ ಅವರಿಗೆ ಸಿಗುತ್ತ ಬಂದಿರುವುದು ಕೆಜಿಗೆ ₹20ರ ಆಸುಪಾಸು, ಎಷ್ಟೋ ತಿಂಗಳು ಅದಕ್ಕಿಂತ ಕಡಿಮೆ. 2023ರ ಸೆಪ್ಟೆಂಬರಿನಲ್ಲಿ ಕೋತಗಿರಿ ಕಡೆಯ ಬೆಳೆಗಾರರು ₹30ಕ್ಕೂ ಮೇಲಿನ ಕನಿಷ್ಠ ಬೆಲೆ ಕೇಳಿ ದಿನಗಟ್ಟಲೆ ಉಪವಾಸ ಕೂತರು. ಆ ತಿಂಗಳಲ್ಲೂ ಬೆಂಗಳೂರಿನ ಕಾರುಗಳು ಊಟಿಗೆ ಹೋಗಿಬರುತ್ತಲೇ ಇದ್ದವು.

ಅವರ ಎಲೆಗೆ ದರ ನಿಗದಿಯಾಗುವುದು ಹರಾಜಿನಲ್ಲಿ ಸಿದ್ಧ ಟೀಗೆ ಬರುವ ಬೆಲೆಯಿಂದ. ಟೀ ಬೋರ್ಡಿನ ಸೂತ್ರದಂತೆ ಅದರಲ್ಲಿ 65 ಪಾಲು ಬೆಳೆಗಾರನಿಗೆ, 35 ಪಾಲು ಫ್ಯಾಕ್ಟರಿಗೆ. ಅವರ ಎಲೆ ಕೊಳ್ಳುವ ಫ್ಯಾಕ್ಟರಿಗಳು ಹೆಚ್ಚಾಗಿ ಮಾಡುವುದು ಸಿಟಿಸಿ. ಅಂದರೆ ಅವರ ಮನೆಯ ಒಲೆ ಉರಿಯುವುದು ನಾವು ಕುಡಿಯುವ ಡಸ್ಟ್ ಟೀಯ ಬೆಲೆಯ ಮೇಲೆ. ಕೌಂಟರಿನ ವೈಟ್ ಟೀ ಡಬ್ಬಿಯಿಂದ ಬೆಳೆಗಾರನಿಗೆ ಉಪಕಾರ ಮಾಡಿದೆವು ಎಂದುಕೊಂಡು ಬರುವವರು ಇದನ್ನು ತಿಳಿಯಬೇಕು. ಡಸ್ಟೆಂದರೆ ಕಸ ಎಂಬ ಮಾತು ಹಬ್ಬಿದಷ್ಟೂ, ಅದಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ ಎಂಬ ಭಾವನೆಯೂ ಹಬ್ಬುತ್ತದೆ. ಕೊನೆಗೆ ಅದರ ಪೆಟ್ಟು ಬೀಳುವುದು ತಕ್ಕಡಿಯ ಮುಂದೆ ಚೀಲ ಇಳಿಸಿ ನಿಂತವರ ಮೇಲೆ.

ಫ್ಯಾಕ್ಟರಿ ನೋಡಲು ಹೋಗಬೇಡಿ ಎನ್ನುವುದಿಲ್ಲ. ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ. ಗೈಡ್ ಜರಡಿಯ ಹತ್ತಿರ ನಿಂತು ಪುಡಿ ಎತ್ತಿ ತೋರಿಸಿದಾಗ ಈ ಪುಡಿಗೆ ಹೋದ ವಾರ ಹರಾಜಿನಲ್ಲಿ ಎಷ್ಟು ಬಂತು ಎಂದು ಕೇಳಿ. ಎಲೆ ಇಳಿಸುವ ಶೆಡ್ ತೋರಿಸಿ ಎನ್ನಿ. ಇವತ್ತು ಹಸಿ ಎಲೆಗೆ ಕೆಜಿಗೆ ಎಷ್ಟು ಕೊಟ್ಟಿರಿ, ತೂಕದಲ್ಲಿ ಎಷ್ಟು ಕಡಿತ ಮಾಡಿದಿರಿ ಎಂದು ಕೇಳಿ. ಉತ್ತರ ಸಿಗುವವರೆಗೆ ಕೌಂಟರಿನ ಕಡೆ ಹೆಜ್ಜೆ ಹಾಕಬೇಡಿ.